ಮರ ಎಣಿಸಿದರೆ ಸಾಲದು

ಚಂದ್ರಾ ಲೇಔಟಿನಿಂದ ಹೊರಟು ನಾಗರಭಾವಿ ದಾಟಿದರೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ. ಸಾವಿರ ಎಕರೆಗೂ ಮಿಕ್ಕಿದ ಈ ನೆಲದಲ್ಲಿ ವಿಭಾಗಗಳ ಕಟ್ಟಡಗಳು, ವಸತಿನಿಲಯಗಳು, ನ್ಯಾಷನಲ್ ಲಾ ಸ್ಕೂಲ್, ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ (ಐಸೆಕ್), ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರ ಎಲ್ಲವೂ ಬಂದು ನೆಲೆಸಿವೆ. ಅವುಗಳ ನಡುವೆ ಕುರುಚಲು ಕಾಡು, ನೀಲಗಿರಿ ಮತ್ತು ಅಕೇಶಿಯಾ ತೋಪು, ಬಯೋಪಾರ್ಕಿನಲ್ಲಿ ನೆಟ್ಟು ಬೆಳೆಸಿದ ಮರಗಳು, ಮಳೆಗಾಲದಲ್ಲಿ ನೀರು ನಿಲ್ಲುವ ತಗ್ಗುಗಳು. ಮೈಸೂರು ರಸ್ತೆಯ ಕಡೆಗೆ ಕೊಳಚೆ ಹೊತ್ತು ಹರಿಯುವ ವೃಷಭಾವತಿ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳು ಒಂದಕ್ಕೊಂದು ಅಂಟಿಕೊಂಡು ಬೆಳೆದ ಮೇಲೆ ಇಷ್ಟು ದೊಡ್ಡ ಹಸಿರು ತುಂಡು ಈ ಬಡಾವಣೆಗಳ ಹತ್ತಿರದಲ್ಲಿ ಬೇರೊಂದು ಉಳಿದಿಲ್ಲ. ಇದರ ಬಗ್ಗೆ ಜಗಳ ಎದ್ದಾಗಲೆಲ್ಲ ಮಾತು ಮರಗಳ ಸುತ್ತಲೇ ತಿರುಗುತ್ತದೆ: ಎಷ್ಟು ಕಡಿದರು, ಬದಲಿಗೆ ಎಷ್ಟು ನೆಡುತ್ತಾರೆ. ಕಾನೂನಿನ ಕಣ್ಣೂ ಅಲ್ಲೇ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಮರಗಣತಿಯನ್ನು ವೃಕ್ಷ ಪ್ರಾಧಿಕಾರದ ಕರ್ತವ್ಯವಾಗಿ ಹೇಳುತ್ತದೆ. ಆ ಮರಗಳಲ್ಲಿ, ಅವುಗಳ ಬುಡದ ಮಣ್ಣಿನಲ್ಲಿ, ಉದುರಿದ ಎಲೆಯಡಿಯಲ್ಲಿ ಏನು ಬದುಕಿದೆ ಎಂದು ಕೇಳುವ ಹೊಣೆಯನ್ನು ಆ ಕಾಯ್ದೆ ಯಾರಿಗೂ ಹೊರಿಸಿಲ್ಲ. ನನ್ನ ವಾದ ಇಷ್ಟೇ. ನಗರದೊಳಗಿನ ಕಾಡು ಕಾಡಾಗಿ ಉಳಿದಿದೆಯೇ ಎಂಬುದನ್ನು ಮರದ ಲೆಕ್ಕ ಹೇಳಲಾರದು, ಕೀಟದ ಲೆಕ್ಕ ಹೇಳಬಲ್ಲದು. ಆದರೆ ಆ ಲೆಕ್ಕ ಒಂದು ಸಲ ಮಾಡಿ ಮುಚ್ಚಿಡುವ ಪಟ್ಟಿಯಾಗಿದ್ದರೆ ಪ್ರಯೋಜನವಿಲ್ಲ. ಅದೇ ಜಾಗಗಳಲ್ಲಿ, ಅದೇ ವಿಧಾನದಲ್ಲಿ, ವರ್ಷ ವರ್ಷವೂ ನಡೆಯಬೇಕು.

ಮೊದಲು ಅತ್ತಿಮರವನ್ನೇ ನೋಡೋಣ. ಅತ್ತಿ, ಆಲ, ಅರಳಿ, ಗೋಣಿ ಬೆಂಗಳೂರಿನ ಹಳೆಯ ಬೀದಿಗಳಲ್ಲೂ ಊರಂಚಿನ ಗುಂಡುತೋಪುಗಳಲ್ಲೂ ಸಾಮಾನ್ಯ. ಅತ್ತಿಯ ಹೂವು ಹೊರಗೆ ಕಾಣುವುದಿಲ್ಲ. ನಾವು ಕಾಯಿ ಎಂದುಕೊಳ್ಳುವ ಉಂಡೆಯ ಒಳಗೋಡೆಗೆ ನೂರಾರು ಹೂಗಳು ಅಂಟಿಕೊಂಡಿರುತ್ತವೆ. ಕೆಲವೇ ಮಿಲಿಮೀಟರ್ ಉದ್ದದ ಒಂದು ಹೆಣ್ಣು ಕಣಜ ಉಂಡೆಯ ತುದಿಯ ಕಿರುದಾರಿಯಲ್ಲಿ ನುಸುಳಿ ಒಳಹೊಕ್ಕು ಪರಾಗ ಮುಟ್ಟಿಸಿ, ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಅದರ ಮಕ್ಕಳು ಬೆಳೆದು, ಪರಾಗ ಹೊತ್ತು ಹೊರಬಂದು, ಒಂದೆರಡು ದಿನದ ಆಯುಷ್ಯದೊಳಗೆ ಸರಿಯಾದ ಹಂತದಲ್ಲಿರುವ ಇನ್ನೊಂದು ಅತ್ತಿಮರವನ್ನು ಹುಡುಕಿಕೊಳ್ಳಬೇಕು. ಅತ್ತಿಗೆ ಅದರದೇ ಕಣಜ, ಆಲಕ್ಕೆ ಅದರದೇ ಕಣಜ. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜೆಸ್ ಅವರ ತಂಡ ಈ ಸಂಬಂಧವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದೆ. ಮರಗಣತಿ ಮಾಡುವವರು ಈ ಮರವನ್ನು ಕಂಡರೆ ಸುತ್ತಳತೆ ಅಳೆದು, ಒಂದು ಸಂಖ್ಯೆ ಬರೆದು ಮುಂದೆ ಹೋಗುತ್ತಾರೆ. ಸುತ್ತಮುತ್ತಲ ಅತ್ತಿಗಳೆಲ್ಲ ಹೋಗಿ ಕಣಜದ ಸಂತತಿ ಮುರಿದುಬಿದ್ದಿದ್ದರೂ ಮರ ಇನ್ನೂ ಹತ್ತಾರು ವರ್ಷ ಹಸಿರಾಗಿ ನಿಂತಿರುತ್ತದೆ, ಲೆಕ್ಕದಲ್ಲಿ ಒಂದು ಎಂದೇ ದಾಖಲಾಗುತ್ತದೆ. ಆದರೆ ಅದರ ಹಣ್ಣು ನಂಬಿದ ಬಾವಲಿ, ಕುಟ್ರುಹಕ್ಕಿ, ಅಳಿಲುಗಳಿಗೆ ಅದು ಇದ್ದೂ ಇಲ್ಲದ ಮರ.

ಕಣ್ಣಿಗೆ ಎಲ್ಲವೂ ಸರಿಯಾಗಿದೆ ಎಂದು ಕಾಣುವಾಗಲೇ ಒಳಗೆ ಕೆಟ್ಟಿರಬಹುದು ಎಂಬುದಕ್ಕೆ ಬೆಂಗಳೂರಿನದೇ ಬಲವಾದ ಸಾಕ್ಷಿ ಇದೆ. ಇಲ್ಲಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ಗೀತಾ ತಿಮ್ಮೇಗೌಡ, ಶ್ಯಾನನ್ ಓಲ್ಸನ್ ಮತ್ತು ಸಂಗಡಿಗರು ನಗರದ ಬೇರೆ ಬೇರೆ ಮಟ್ಟದ ಮಾಲಿನ್ಯದ ಜಾಗಗಳಿಂದ ಹೆಜ್ಜೇನು ಹುಳುಗಳನ್ನು ಹಿಡಿದು ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ದೂಳು ಹೊಗೆ ಹೆಚ್ಚಿದ್ದ ಜಾಗಗಳಿಂದ ತಂದ ಹುಳುಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು 24 ಗಂಟೆಯೊಳಗೆ ಸತ್ತವು. ಅಂಥ ಕಡೆ ಹೂವಿಗೆ ಬರುವ ಹುಳುಗಳೇ ಕಡಿಮೆ; ಬಂದವುಗಳ ಹೃದಯ ಬಡಿತದಲ್ಲಿ, ರಕ್ತಕಣಗಳಲ್ಲಿ ಏರುಪೇರು, ಮೈಮೇಲೆ ಸೀಸದಂಥ ಭಾರಲೋಹ ಬೆರೆತ ಕಣಗಳು. ಈ ಹುಳುಗಳನ್ನು ಹಿಡಿದದ್ದು ಅರಳಿ ನಿಂತ ಹೂವಿನ ಮೇಲೆ. ಗಿಡ ಅರಳಿತ್ತು, ಜೇನು ಬಂದಿತ್ತು. ನೋಡಿದವರಿಗೆ ಅದು ಚೆಲುವಾದ ಪಾರ್ಕಿನಂತೆಯೇ ಕಂಡಿರುತ್ತದೆ. ಹೆಜ್ಜೇನು ನಮ್ಮ ಕೀಟಗಳಲ್ಲಿ ಎದ್ದು ಕಾಣುವ, ಅಪಾರ್ಟ್‌ಮೆಂಟಿನ ಸಜ್ಜೆಗೂ ನೀರಿನ ಟ್ಯಾಂಕಿಗೂ ಗೂಡು ಕಟ್ಟುವ, ನಗರಕ್ಕೆ ಹೊಂದಿಕೊಂಡಿದೆ ಎಂದು ನಾವೆಲ್ಲ ನಂಬಿದ ಜೀವಿ. ಅದರ ಗತಿಯೇ ಇದಾದರೆ ಯಾರೂ ಹೆಸರಿಡದ ಒಂಟಿ ಜೇನುಗಳ, ಮಣ್ಣುಗೂಡಿನ ಕಣಜಗಳ ಗತಿಯನ್ನು ಹುಡುಕದೆ ತಿಳಿಯುವುದು ಸಾಧ್ಯವಿಲ್ಲ.

ಈ ಹುಡುಕಾಟ ಏಕೆ ವರ್ಷ ವರ್ಷವೂ ನಡೆಯಬೇಕು ಎಂಬುದಕ್ಕೆ ಜರ್ಮನಿಯ ಕ್ರೆಫೆಲ್ಡ್ ಕೀಟಶಾಸ್ತ್ರ ಸಂಘದ ಕೆಲಸಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಆ ಸಂಘದಲ್ಲಿ ಹೆಚ್ಚಿನವರು ಹವ್ಯಾಸಿಗಳು. 1989ರಿಂದ 27 ವರ್ಷ, 63 ಸಂರಕ್ಷಿತ ಪ್ರದೇಶಗಳಲ್ಲಿ ಅವರು ಒಂದೇ ಬಗೆಯ ಡೇರೆ ಬಲೆ ಕಟ್ಟಿ, ಅದರ ಬಾಟಲಿಗೆ ಬಿದ್ದ ಹಾರುಹುಳುಗಳನ್ನು ತೂಗಿ ಬರೆದಿಟ್ಟರು. 2017ರಲ್ಲಿ ಲೆಕ್ಕ ಹಾಕಿದಾಗ ಹಾರುವ ಕೀಟಗಳ ತೂಕ ನೂರಕ್ಕೆ 76ರಷ್ಟು ಕುಸಿದಿತ್ತು. ಎಲ್ಲವೂ ಕಾನೂನಿನ ರಕ್ಷಣೆಯಲ್ಲಿದ್ದ ಜಾಗಗಳು; ಮರ ಗಿಡ ಹಾಗೆಯೇ ಇದ್ದವು. ಯಾವುದೇ ಒಂದು ವರ್ಷದ ಬಾಟಲಿಯನ್ನು ಮಾತ್ರ ನೋಡಿದ್ದವರಿಗೆ ಈ ಕುಸಿತ ಕಾಣುತ್ತಿರಲಿಲ್ಲ, ಏಕೆಂದರೆ ಕೀಟಗಳ ಸಂಖ್ಯೆ ಮಳೆ ಬಿಸಿಲಿಗೆ ತಕ್ಕಂತೆ ವರ್ಷದಿಂದ ವರ್ಷಕ್ಕೆ ಏರಿಳಿಯುವುದು ಸಹಜ. ಈಸಲು ಹುಳ ಎದ್ದ ಸಂಜೆ ಎಣಿಸಿದವರಿಗೆ ಸಮೃದ್ಧಿ ಕಾಣುತ್ತದೆ, ಮಾರ್ಚ್ ತಿಂಗಳ ಒಣಹವೆಯಲ್ಲಿ ಎಣಿಸಿದವರಿಗೆ ಬರಗಾಲ ಕಾಣುತ್ತದೆ. ಎರಡೂ ಆ ಕಾಡಿನ ಸ್ಥಿತಿಯನ್ನು ಹೇಳುವುದಿಲ್ಲ. ಕ್ರೆಫೆಲ್ಡಿನವರ ಬಲ ಅವರ ಪಾಂಡಿತ್ಯಕ್ಕಿಂತ ಹೆಚ್ಚಾಗಿ ಅವರ ಪಟ್ಟು ಬಿಡದ ಏಕರೂಪತೆಯಲ್ಲಿತ್ತು.

ಮೊದಲು ಎಷ್ಟಿತ್ತು ಎಂದು ಬರೆದಿಡದಿದ್ದರೆ ಕಳೆದುಕೊಂಡದ್ದು ಎಷ್ಟು ಎಂದು ಹೇಳಲು ಬರುವುದಿಲ್ಲ. ಸಿಂಗಪುರದ ಬುಕಿತ್ ತಿಮಾ ಉಷ್ಣವಲಯದ ನಗರವೊಂದರ ನಡುವೆ ಉಳಿದ ಕಾಡು. 1854ರಲ್ಲಿ ನಿಸರ್ಗತಜ್ಞ ಆಲ್ಫ್ರೆಡ್ ರಸೆಲ್ ವಾಲೆಸ್ ಅಲ್ಲಿ ಸುಮಾರು ಎರಡು ತಿಂಗಳಲ್ಲಿ 700 ಪ್ರಭೇದದ ದುಂಬಿಗಳನ್ನು ಸಂಗ್ರಹಿಸಿದ. ಆತ ಹುಳು ಹಿಡಿದದ್ದು ಮಾರಿ ಬದುಕಲಿಕ್ಕೆ, ವಿಜ್ಞಾನಕ್ಕೆ ಹೊಸದನ್ನು ಕೊಡಲಿಕ್ಕೆ. ಆದರೆ ಆ ದಾಖಲೆ ಇಂದು ಆ ಕಾಡಿನ ಹಳೆಯ ಸಂಪತ್ತಿಗೆ ಒಂದು ಅಳತೆಯಾಗಿ ನಿಂತಿದೆ. ಮೈಸೂರು ಸೀಮೆಯಲ್ಲಿ ಕೀಟಶಾಸ್ತ್ರ ಬೇರೆ ದಾರಿಯಲ್ಲಿ ಬೆಳೆಯಿತು. 1908ರಲ್ಲಿ ಲೆಸ್ಲಿ ಕೋಲ್ಮನ್ ಸಂಸ್ಥಾನದ ಶಿಲೀಂಧ್ರ ಮತ್ತು ಕೀಟ ತಜ್ಞರಾಗಿ ಬಂದರು. ಅವರ ನಂತರ ಕುಂಞಿ ಕಣ್ಣನ್, ಪುಟ್ಟರುದ್ರಯ್ಯನವರಂಥವರು ಕೆಲಸ ಮುಂದುವರಿಸಿದರು. ಅವರ ಮುಂದಿದ್ದ ಪ್ರಶ್ನೆ ರೈತನ ಪ್ರಶ್ನೆ: ಅಡಿಕೆಗೆ, ಕಾಫಿಗೆ, ರಾಗಿಗೆ, ಕಬ್ಬಿಗೆ ಏನು ತಗುಲಿದೆ, ಹೇಗೆ ತಡೆಯುವುದು. ಆ ಕೆಲಸದ ಬೆಲೆಯನ್ನು ಕಡಿಮೆ ಮಾಡಲಾಗದು, ಆದರೆ ಅದರ ನೆರಳಿನಲ್ಲಿ ಕೀಟವೆಂದರೆ ಪೀಡೆ ಎಂಬ ಭಾವನೆ ನಮ್ಮ ಪಠ್ಯಗಳಲ್ಲೂ ಕಚೇರಿಗಳಲ್ಲೂ ಗಟ್ಟಿಯಾಯಿತು. ಬೆಳೆಗೆ ಬೀಳದ, ಕಚ್ಚದ, ಜೇನು ಕೊಡದ ಹುಳುಗಳಿಗೆ ಲೆಕ್ಕದ ಪುಸ್ತಕದಲ್ಲಿ ಜಾಗ ಸಿಗಲಿಲ್ಲ. ಬೆಂಗಳೂರಿನ ಕ್ಯಾಂಪಸ್ಸುಗಳಲ್ಲಿ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಚಿಟ್ಟೆ, ಇರುವೆಗಳ ಪಟ್ಟಿಗಳನ್ನು ಶ್ರದ್ಧೆಯಿಂದ ಮಾಡಿದ್ದಾರೆ. ಪದವಿ ಮುಗಿದರೆ ಪಟ್ಟಿಯೂ ಮುಗಿಯಿತು. ಮುಂದಿನವರು ಬೇರೆ ಜಾಗ, ಬೇರೆ ಬಲೆ, ಬೇರೆ ತಿಂಗಳು ಆರಿಸಿಕೊಳ್ಳುತ್ತಾರೆ. ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಲು ಆಗುವುದಿಲ್ಲ.

ಹೋಲಿಸಲು ಆಗುವಂಥ ಸಮೀಕ್ಷೆ ಹೇಗಿರಬೇಕು ಎಂಬುದನ್ನು ಹೊರಗಿನವರಿಂದ ಕಲಿಯಬೇಕಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಮತ್ತು ಸಹೋದ್ಯೋಗಿಗಳು ಉತ್ತರ ಕನ್ನಡ ಜಿಲ್ಲೆಯಲ್ಲಿ, ಕಾಡುಗಳಲ್ಲೂ ನೆಡುತೋಪುಗಳಲ್ಲೂ, ಕೀಟ ವೈವಿಧ್ಯವನ್ನು ಅಳೆಯುವ ವಿಧಾನಗಳ ಒಂದು ಜೋಡಣೆಯನ್ನೇ ರೂಪಿಸಿ 1990ರಲ್ಲಿ ಪ್ರಕಟಿಸಿದರು. ದೀಪಾಕರ್ಷಕ ಬಲೆ, ಗಿಡಗಳ ಮೇಲೆ ಬೀಸುವ ಕೈಬಲೆ, ನೆಲದಲ್ಲಿ ಬಾಯಿಮಟ್ಟಕ್ಕೆ ಹೂಳುವ ಪಾತ್ರೆ, ವಾಸನೆಯ ಆಮಿಷ ಇವು ಅದರ ಅಂಗಗಳು. ನಾಲ್ಕೂ ಬೇಕು ಎಂಬುದೇ ಮುಖ್ಯ ಪಾಠ. ರಾತ್ರಿ ದೀಪದ ಮುಂದಿನ ಬಿಳಿ ಬಟ್ಟೆಗೆ ಪತಂಗಗಳೂ ದುಂಬಿಗಳೂ ಬರುತ್ತವೆ, ಗೊದ್ದ ಇರುವೆಗೆ ಆ ದೀಪದ ಗೊಡವೆಯಿಲ್ಲ. ಹೂತಿಟ್ಟ ಲೋಟದಲ್ಲಿ ಇರುವೆ, ನೆಲದುಂಬಿ, ಚಿಮ್ಮಂಡೆಗಳು ಬೀಳುತ್ತವೆ, ಪತಂಗ ಬೀಳುವುದಿಲ್ಲ. ಹುಲ್ಲು ಪೊದೆಗಳ ಮೇಲೆ ಬಲೆ ಬೀಸಿದರೆ ಜಿಗಿಹುಳು, ಮಿಡತೆ, ತಿಗಣೆಗಳು ಸಿಗುತ್ತವೆ. ಈ ನಾಲ್ಕರ ಹೊರತಾಗಿ, ಹಳದಿ ತಟ್ಟೆಯಲ್ಲಿ ಸಾಬೂನು ನೀರು ಇಟ್ಟರೆ ಬರಿಗಣ್ಣಿಗೆ ಚುಕ್ಕಿಯಂತೆ ಕಾಣುವ ಪರಾವಲಂಬಿ ಕಣಜಗಳು ಬಂದು ಬೀಳುತ್ತವೆ. ಸ್ವೀಡನ್ನಿನ ರೆನೆ ಮಲೇಸ್ 1930ರ ದಶಕದಲ್ಲಿ ರೂಪಿಸಿದ ಡೇರೆ ಬಲೆ ಇನ್ನೊಂದು ಬಗೆ: ಅಡ್ಡಗೋಡೆಗೆ ತಾಗಿದ ನೊಣ ಕಣಜಗಳು ಮೇಲಕ್ಕೇ ಏರುವ ಸ್ವಭಾವದವು, ಏರಿ ತುದಿಯ ಬಾಟಲಿ ಸೇರುತ್ತವೆ. ಯಾವುದೋ ಒಂದು ಉಪಕರಣ ಹಿಡಿದು ಹೊರಟವರಿಗೆ ಆ ಉಪಕರಣಕ್ಕೆ ದಕ್ಕುವ ಕಾಡು ಮಾತ್ರ ಕಾಣುತ್ತದೆ.

ನಗರದಲ್ಲಿ ಇವಕ್ಕೆ ಒಂದಿಷ್ಟು ತಿದ್ದುಪಡಿ ಬೇಕು. ದೀಪಾಕರ್ಷಕ ಬಲೆ ಕೆಲಸ ಮಾಡುವುದು ಸುತ್ತ ಕತ್ತಲಿದ್ದಾಗ. ನಾಗರಭಾವಿ ಕಡೆಯ ಬೀದಿದೀಪ, ಮೈಸೂರು ರಸ್ತೆಯ ವಾಹನ, 2021ರಿಂದ ಕೆಂಗೇರಿಯ ಕಡೆಗೆ ಓಡುತ್ತಿರುವ ಮೆಟ್ರೊ ನಿಲ್ದಾಣಗಳ ಬೆಳಕು ಇವೆಲ್ಲ ಬಲೆಯ ದೀಪದೊಡನೆ ಪೈಪೋಟಿಗೆ ನಿಲ್ಲುತ್ತವೆ. ಆದ್ದರಿಂದ ಆವರಣದ ನಡುವೆ ಹತ್ತು ಪತಂಗ ಬಂದು ಅಂಚಿನಲ್ಲಿ ಎರಡೇ ಬಂದರೆ, ಅಂಚಿನಲ್ಲಿ ಪತಂಗ ಕಡಿಮೆಯೋ ಅಥವಾ ದೀಪದ ಸೆಳೆತ ಕಡಿಮೆಯೋ ಎಂಬುದನ್ನು ಬಿಡಿಸಿ ನೋಡಬೇಕು. ಪ್ರತಿ ಜಾಗದ ಬೆಳಕನ್ನೂ ಅಳೆದು ಬರೆಯುವುದು, ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳನ್ನೇ ಆರಿಸುವುದು, ದೀಪವಿಲ್ಲದ ವಿಧಾನವನ್ನು ಜೊತೆಗಿಡುವುದು ಇದಕ್ಕೆ ದಾರಿ. ಇದನ್ನೆಲ್ಲ ಹೇಳುವ ಕಾರಣ, ನಗರದ ಕೀಟ ಸಮೀಕ್ಷೆ ಕಾಡಿನ ಸಮೀಕ್ಷೆಗಿಂತ ಸುಲಭ ಎಂಬ ತಪ್ಪು ಕಲ್ಪನೆ ಇದೆ. ಹೋಗಿಬರಲು ಹತ್ತಿರ ಎಂಬುದು ನಿಜ. ಅರ್ಥ ಮಾಡಿಕೊಳ್ಳಲು ಅದು ಹೆಚ್ಚು ಕಷ್ಟ.

ಕೀಟಗಳನ್ನು ಎಣಿಸಿ ಮುಗಿಸಲು ಸಾಧ್ಯವೇ ಎಂಬ ಸಂದೇಹ ಇಲ್ಲಿ ಏಳುತ್ತದೆ. ಕೀಟವಿಜ್ಞಾನಿ ಟೆರಿ ಅರ್ವಿನ್ ಪನಾಮಾದಲ್ಲಿ ಒಂದೇ ಜಾತಿಯ 19 ಮರಗಳಿಂದ ಸಾವಿರಕ್ಕೂ ಹೆಚ್ಚು ಬಗೆಯ ದುಂಬಿಗಳನ್ನು ಇಳಿಸಿ, ಅದರ ಆಧಾರದ ಮೇಲೆ ಉಷ್ಣವಲಯದ ಸಂಧಿಪದಿಗಳಲ್ಲೇ ಮೂರು ಕೋಟಿ ಪ್ರಭೇದ ಇರಬಹುದು ಎಂದು 1982ರಲ್ಲಿ ಹೇಳಿದ. ಈಗಿನ ಅಂದಾಜು ಅದಕ್ಕಿಂತ ಬಹಳ ಕಡಿಮೆ, ಕೀಟಗಳಿಗೆ ಸುಮಾರು 55 ಲಕ್ಷ. ಅದರಲ್ಲೂ ಹೆಸರು ಪಡೆದವು ಹತ್ತು ಲಕ್ಷದ ಆಸುಪಾಸು. ಮುಗಿಸಲು ಆಗುವುದಿಲ್ಲ ಎಂಬುದು ಸರಿ, ಆದರೆ ಎಷ್ಟು ಬಾಕಿ ಇದೆ ಎಂದು ಅಂದಾಜು ಮಾಡಬಹುದು, ಸಮೀಕ್ಷೆಗೆ ಅಷ್ಟು ಸಾಕು. ಇದರ ಯುಕ್ತಿ ಸೊಗಸಾದದ್ದು. ಬಲೆಗೆ ಒಂದೇ ಒಂದು ಸಲ ಬಿದ್ದ ಪ್ರಭೇದಗಳು ಬಹಳ ಇದ್ದರೆ ಇನ್ನೂ ಕಾಣದವು ಬಹಳ ಇವೆ ಎಂದರ್ಥ. ಎಲ್ಲವೂ ಮತ್ತೆ ಮತ್ತೆ ಬೀಳತೊಡಗಿದರೆ ಪಟ್ಟಿ ತುಂಬುತ್ತ ಬಂದಿದೆ ಎಂದರ್ಥ. ತೈವಾನಿನ ಸಂಖ್ಯಾಶಾಸ್ತ್ರಜ್ಞೆ ಆನ್ ಚಾವ್ 1984ರಲ್ಲಿ ಇದನ್ನು ಸೂತ್ರವಾಗಿಸಿದರು: ಒಮ್ಮೆ ಮಾತ್ರ ಸಿಕ್ಕ ಪ್ರಭೇದಗಳ ಸಂಖ್ಯೆಯ ವರ್ಗವನ್ನು, ಎರಡು ಬಾರಿ ಸಿಕ್ಕವುಗಳ ಸಂಖ್ಯೆಯ ಇಮ್ಮಡಿಯಿಂದ ಭಾಗಿಸಿ, ಕಂಡ ಒಟ್ಟಿಗೆ ಕೂಡಿಸಬೇಕು. ಲೆಕ್ಕಕ್ಕಾಗಿ ಒಂದು ತೋಪಿನಲ್ಲಿ 100 ಬಗೆ ಕಂಡವು, ಅವುಗಳಲ್ಲಿ 40 ಒಮ್ಮೆ, 10 ಎರಡು ಸಲ ಎಂದಿಟ್ಟುಕೊಂಡರೆ ಅಲ್ಲಿ ಕಡಿಮೆಯೆಂದರೂ 180 ಬಗೆ ಇರಬೇಕು ಎಂದು ತಿಳಿಯುತ್ತದೆ. ಹೀಗೆ ಅಂದಾಜಿನ ಜೊತೆಗೆ ಅದರ ಅನುಮಾನದ ಮಿತಿಯನ್ನೂ ಬರೆದರೆ ಎರಡು ತೋಪುಗಳನ್ನು, ಎರಡು ವರ್ಷಗಳನ್ನು ಪ್ರಾಮಾಣಿಕವಾಗಿ ಹೋಲಿಸಬಹುದು. ಬರೀ ಇಷ್ಟು ಬಗೆ ಕಂಡೆವು ಎಂಬ ಹೇಳಿಕೆ ಎಷ್ಟು ಹುಡುಕಿದಿರಿ ಎಂಬುದನ್ನು ಹೇಳುತ್ತದೆಯೇ ಹೊರತು ಎಷ್ಟು ಇವೆ ಎಂಬುದನ್ನು ಹೇಳುವುದಿಲ್ಲ.

ನೆಟ್ಟು ಬೆಳೆಸಿದ ಮರಗಳ ನೆಲವನ್ನು ಕಾಡು ಎನ್ನುವುದೇ ತಪ್ಪು, ಅಲ್ಲಿ ಹುಡುಕಲು ಏನಿದೆ ಎಂದು ಕೇಳುವವರಿದ್ದಾರೆ. ಪ್ರಶ್ನೆಯ ಮೊದಲರ್ಧದಲ್ಲಿ ಸತ್ಯವಿದೆ. ಬೆಂಗಳೂರಿನ ಮೂಲ ನೆಲ ದಟ್ಟ ಕಾಡಲ್ಲ. ಕುರುಚಲು, ಎಲೆಯುದುರುವ ಮರಗಳು, ರಾಗಿ ಹೊಲ, ಕೆರೆ, ಗುಂಡುತೋಪು ಸೇರಿದ ಭೂಮಿ. ನೀಲಗಿರಿ ತೋಪು ಆ ನೆಲದ ಮೇಲೆ ನಾವು ಹೇರಿದ್ದು. ಆದರೆ ಎರಡನೆಯ ಅರ್ಧ ಸಾಕ್ಷ್ಯಕ್ಕೆ ನಿಲ್ಲುವುದಿಲ್ಲ. ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಜೆನಿಫರ್ ಓವನ್ ತಮ್ಮ ಮನೆಯ ಸಾಮಾನ್ಯ ಕೈತೋಟವನ್ನೇ ಮೂವತ್ತು ವರ್ಷ ಸಮೀಕ್ಷೆ ಮಾಡಿ 2,673 ಪ್ರಭೇದದ ಜೀವಿಗಳನ್ನು ದಾಖಲಿಸಿದರು. ಅದರಲ್ಲಿ ಸುಮಾರು ಎರಡು ಸಾವಿರ ಕೀಟಗಳೇ. ಲಾಸ್ ಏಂಜಲಿಸ್ ನಗರದ ಮನೆಗಳ ಹಿತ್ತಲುಗಳಲ್ಲಿ ಡೇರೆ ಬಲೆ ಕಟ್ಟಿದಾಗ 2015ರಲ್ಲಿ ಒಂದೇ ಕುಲದ 30 ಹೊಸ ಪ್ರಭೇದದ ನೊಣಗಳು ವಿಜ್ಞಾನಕ್ಕೆ ಸಿಕ್ಕವು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ನೆಟ್ಟ ತೋಪು ಎಷ್ಟರಮಟ್ಟಿಗೆ ಕಾಡಾಗಿದೆ ಎಂಬುದಕ್ಕೆ ಉತ್ತರ ಕೊಡುವುದೇ ಕೀಟಗಳು. ಕೀಟಗಳಲ್ಲಿ ಬಹಳಷ್ಟು ತಮ್ಮ ಆಸರೆ ಗಿಡವನ್ನು ಬಿಟ್ಟು ಬದುಕುವುದಿಲ್ಲ: ಎಕ್ಕ ಮತ್ತು ಅದರ ಕುಟುಂಬದ ಗಿಡಗಳಿಲ್ಲದೆ ಎಕ್ಕದ ಚಿಟ್ಟೆಯ ಮರಿ ಬೆಳೆಯದು, ಕಕ್ಕೆ ತಂಗಡಿ ಜಾತಿಯ ಗಿಡಗಳಿಲ್ಲದೆ ಹಳದಿ ವಲಸೆ ಚಿಟ್ಟೆಗಳು ಮೊಟ್ಟೆಯಿಡವು, ನಿಂಬೆ ಕರಿಬೇವು ಬಿಲ್ವಗಳಿಲ್ಲದೆ ನಿಂಬೆ ಚಿಟ್ಟೆಗೆ ನೆಲೆಯಿಲ್ಲ. ಬಯೋಪಾರ್ಕಿನಲ್ಲಿ ನೆಟ್ಟ ಹೊಂಗೆ, ಬೇವು, ನೇರಳೆಗಳ ಕೆಳಗೆ ಕುರುಚಲಿನ ಇರುವೆಗಳೂ ಸಗಣಿ ಹುಳುಗಳೂ ಬಂದಿದ್ದರೆ ನೆಡುವ ಶ್ರಮ ಫಲಿಸಿದೆ ಎಂದು ಹೇಳಬಹುದು. ನೀಲಗಿರಿಯಡಿ ಅವು ಬಾರದಿದ್ದರೆ ಮುಂದೆ ಏನು ನೆಡಬೇಕು ಎಂಬುದಕ್ಕೆ ಅಲ್ಲೇ ಸೂಚನೆ ಇದೆ. ಪಾಳುಬಿದ್ದಂತೆ ಕಾಣುವ ಕುರುಚಲನ್ನು ಖಾಲಿ ಜಾಗ ಎಂದು ಕರೆದು ಸಸಿ ನೆಡುವ ಉತ್ಸಾಹಕ್ಕೂ ಈ ಲೆಕ್ಕ ಕಡಿವಾಣ ಹಾಕಬಹುದು. ನೆಲದಲ್ಲಿ ಗೂಡು ಮಾಡುವ ಜೇನು ಕಣಜಗಳಿಗೆ ಬೇಕಾದದ್ದು ಆ ಬೋಳು ಮಣ್ಣೇ.

ಡೆಂಗಿಯಿಂದ ಜನ ಆಸ್ಪತ್ರೆ ಸೇರುತ್ತಿರುವಾಗ ಹುಳು ಎಣಿಸಲು ಹಣ ಹಾಕುವುದು ಸರಿಯೇ ಎಂಬುದು ಇದಕ್ಕಿಂತ ಗಂಭೀರವಾದ ಆಕ್ಷೇಪ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿತು. ಮಗುವಿಗೆ ಜ್ವರ ಬಂದ ಮನೆಯವರ ಆತಂಕವನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೆ ಈ ಆತಂಕ ಕೇಳುತ್ತಿರುವುದು ಹೆಚ್ಚಿನ ಕೀಟಜ್ಞಾನವನ್ನೇ. ಭಾರತದಲ್ಲಿ 400ಕ್ಕೂ ಹೆಚ್ಚು ಬಗೆಯ ಸೊಳ್ಳೆಗಳಿವೆ, ರೋಗ ಹರಡುವವು ಕೆಲವೇ. ಡೆಂಗಿಯ ಈಡಿಸ್ ಸೊಳ್ಳೆ ಬೆಳೆಯುವುದು ಹೆಚ್ಚಾಗಿ ಮನೆಯ ಸುತ್ತ, ಡ್ರಮ್ಮು, ಹೂಕುಂಡದ ತಟ್ಟೆ, ಹಳೆಯ ಟೈರು, ಕಟ್ಟುತ್ತಿರುವ ಕಟ್ಟಡದ ನಿಂತ ನೀರಿನಲ್ಲಿ, ಕಚ್ಚುವುದು ಹಗಲು. ಸಂಜೆ ಬೀದಿಯಲ್ಲಿ ಹೊಗೆ ಹೊಡೆದುಕೊಂಡು ಹೋದರೆ ಮನೆಯೊಳಗಿನ ಈಡಿಸ್ ಉಳಿದು, ಹೊರಗಿನ ಪತಂಗ ಕಣಜಗಳು ಸಾಯುವ ಸಂಭವವೇ ಹೆಚ್ಚು. ಏರೋಪ್ಲೇನ್ ಚಿಟ್ಟೆಗಳ ಮರಿಗಳು ನೀರಿನಲ್ಲಿ ಸೊಳ್ಳೆ ಮರಿಗಳನ್ನು ತಿನ್ನುತ್ತವೆ, ಬೆಳೆದವು ಗಾಳಿಯಲ್ಲಿ ಸೊಳ್ಳೆ ಹಿಡಿಯುತ್ತವೆ. ವೃಷಭಾವತಿಯ ದಡದಲ್ಲಿ, ಮಲ್ಲತ್ತಹಳ್ಳಿ ಕೆರೆಯಲ್ಲಿ, ಚಂದ್ರಾ ಲೇಔಟಿನ ಚರಂಡಿಗಳಲ್ಲಿ ಯಾವ ಸೊಳ್ಳೆ ಯಾವ ತಿಂಗಳಲ್ಲಿ ಎಷ್ಟು, ಅವುಗಳನ್ನು ತಿನ್ನುವವು ಉಳಿದಿವೆಯೇ ಎಂದು ತಿಳಿಸುವ ದಾಖಲೆ ಆರೋಗ್ಯ ಇಲಾಖೆಗೂ ಬೇಕಾದ ದಾಖಲೆ. ಹೊಗೆ ಹೊಡೆದ ಬೀದಿ ಮತ್ತು ಹೊಡೆಯದ ಬೀದಿಯನ್ನು ಹೋಲಿಸಿದರೆ ಆ ಖರ್ಚಿನಿಂದ ಎಷ್ಟು ಲಾಭವಾಯಿತು ಎಂಬುದೂ ಗೊತ್ತಾಗುತ್ತದೆ.

ಯಾರಿಗೂ ಬೇಡದ ಪುಟ್ಟ ಹುಳುವನ್ನು ಗುರುತಿಸಬಲ್ಲವರು ಒಂದು ಊರಿನಲ್ಲಿ ಇರುವುದರ ಬೆಲೆ ಏನೆಂದು ತೋರಿಸಿದ ಘಟನೆ ತೀರಾ ಹಳೆಯದಲ್ಲ. 2008ರಲ್ಲಿ ಪಪ್ಪಾಯ ಹಿಟ್ಟುತಿಗಣೆ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಬೇಗನೆ ದಕ್ಷಿಣ ಭಾರತದ ಪಪ್ಪಾಯ, ಹಿಪ್ಪುನೇರಳೆ, ಮರಗೆಣಸಿಗೆ ಹಬ್ಬಿತು. ರೇಷ್ಮೆ ಬೆಳೆಗಾರರು ತೋಟಗಳನ್ನೇ ಕಿತ್ತುಹಾಕುವ ಸ್ಥಿತಿ ಬಂದಿತ್ತು, ಔಷಧಿಗೆ ಅದು ಬಗ್ಗಲಿಲ್ಲ. ಹೆಬ್ಬಾಳದಲ್ಲಿರುವ ಇಂದಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ 2010ರಲ್ಲಿ ಪೋರ್ಟೊ ರಿಕೊದಿಂದ ಪರಾವಲಂಬಿ ಕಣಜಗಳನ್ನು ತರಿಸಿ ಬೆಳೆಸಿ ಬಿಟ್ಟಿತು. ಅವುಗಳಲ್ಲಿ ಎಸಿರೋಫೇಗಸ್ ಪಪಾಯೆ ಎಂಬ ಎಳ್ಳಿಗಿಂತಲೂ ಚಿಕ್ಕ ಕಣಜ ತಿಂಗಳುಗಳಲ್ಲೇ ಪೀಡೆಯನ್ನು ಹತೋಟಿಗೆ ತಂದಿತು. ಈ ಬಲ ಬೆಂಗಳೂರಿಗೆ ಇದೆ. ಜಿಗಿಹುಳುಗಳ ವರ್ಗೀಕರಣದಲ್ಲಿ ಜಗತ್ತೇ ಗೌರವಿಸುವ ಸಿ. ಎ. ವಿರಕ್ತಮಠರು ಕೆಲಸ ಮಾಡಿದ ಕೃಷಿ ವಿಶ್ವವಿದ್ಯಾಲಯ, ಹೆಬ್ಬಾಳದ ಸಂಸ್ಥೆ, ಜಕ್ಕೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ ಇವೆಲ್ಲವೂ ಒಂದು ಗಂಟೆಯ ದಾರಿಯಲ್ಲಿವೆ. ಆದ್ದರಿಂದ ತಜ್ಞರಿಲ್ಲ ಎಂಬ ಆಕ್ಷೇಪ ಪೂರ್ತಿ ನಿಲ್ಲುವುದಿಲ್ಲ. ತಜ್ಞರು ಕಡಿಮೆಯಾಗುತ್ತಿದ್ದಾರೆ ಎಂಬುದು ನಿಜ, ಹೊಸಬರನ್ನು ತಯಾರಿಸುವ ದಾರಿ ಇಂಥ ಕೆಲಸವೇ. ಪ್ರತಿ ಹುಳುವಿಗೂ ಲ್ಯಾಟಿನ್ ಹೆಸರು ಸಿಗುವವರೆಗೆ ಕಾಯಬೇಕಾಗಿಯೂ ಇಲ್ಲ. ರೂಪ ನೋಡಿ ಬೇರೆ ಬೇರೆ ಬಗೆಗಳಾಗಿ ವಿಂಗಡಿಸಿ, ಮಾದರಿಯನ್ನು ಜೋಪಾನವಾಗಿಟ್ಟು, ಹೆಸರನ್ನು ಮುಂದೆ ತಜ್ಞರು ಕೊಡುವಂತೆ ಬಿಡಬಹುದು. 2003ರ ನಂತರ ಬೆಳೆದ ಡಿಎನ್‌ಎ ಬಾರ್‌ಕೋಡಿಂಗ್ ವಿಧಾನ ಈ ವಿಂಗಡಣೆಗೆ ಇನ್ನೊಂದು ಆಧಾರ.

ಕೊಂದು ಎಣಿಸುವುದು ಜೀವದಯೆಗೆ ಒಪ್ಪುತ್ತದೆಯೇ ಎಂಬ ಪ್ರಶ್ನೆಯನ್ನು ವಿಜ್ಞಾನಿಗಳು ಪಕ್ಕಕ್ಕೆ ತಳ್ಳಬಾರದು. ಅಹಿಂಸೆ ಈ ನೆಲದಲ್ಲಿ ಬರೀ ಮಾತಾಗಿ ಇದ್ದದ್ದಲ್ಲ. ಚಿಟ್ಟೆ, ಏರೋಪ್ಲೇನ್ ಚಿಟ್ಟೆ, ದೊಡ್ಡ ಪತಂಗಗಳನ್ನು ಕೊಲ್ಲದೆಯೇ ನೋಡಿ, ಫೋಟೊ ತೆಗೆದು ದಾಖಲಿಸಬಹುದು, ಹಾಗೆಯೇ ಮಾಡಬೇಕು. ಸಣ್ಣ ಕಣಜ ನೊಣಗಳನ್ನು ಸೂಕ್ಷ್ಮದರ್ಶಕದಡಿ ಇಡದೆ ಬೇರ್ಪಡಿಸಲಾಗುವುದಿಲ್ಲ. ಅಲ್ಲಿ ಕೆಲವು ಜೀವಗಳು ಹೋಗುತ್ತವೆ. ಅದನ್ನು ಒಪ್ಪಿಕೊಂಡೇ, ಬಲೆಗಳ ಸಂಖ್ಯೆಯನ್ನೂ ದಿನಗಳನ್ನೂ ಮಿತಿಯಲ್ಲಿಡಬೇಕು, ಸಿಕ್ಕ ಪ್ರತಿಯೊಂದು ಮಾದರಿಯೂ ಅಭ್ಯಾಸಕ್ಕೆ ಬರುವಂತೆ ನೋಡಿಕೊಳ್ಳಬೇಕು, ಅರ್ವಿನ್ ಮಾಡಿದಂತೆ ಮರಕ್ಕೆ ವಿಷದ ಹೊಗೆ ಹಾಯಿಸುವ ವಿಧಾನವನ್ನು ಜನವಸತಿಯ ನಡುವೆ ಪೂರ್ತಿ ಕೈಬಿಡಬೇಕು. ಒಂದು ಎಕರೆ ಕುರುಚಲನ್ನು ಜೆಸಿಬಿ ಸವರಿದಾಗ ಹೋಗುವ ಜೀವಗಳ ಮುಂದೆ ಈ ನಷ್ಟ ಬಹಳ ಚಿಕ್ಕದು, ಆ ಸವರುವಿಕೆಯನ್ನು ತಡೆಯುವ ಸಾಕ್ಷ್ಯ ಇದರಿಂದ ಸಿಗುವುದಾದರೆ ಇದನ್ನು ಒಪ್ಪಬಹುದು ಎಂಬುದು ನನ್ನ ನಿಲುವು.

ಜನ ಮೊಬೈಲಿನಲ್ಲಿ ತೆಗೆದು ಹಾಕುವ ಫೋಟೊಗಳಿಂದಲೇ ಈ ಕೆಲಸ ಆಗುತ್ತಿದೆಯಲ್ಲ ಎನ್ನುವವರೂ ಇದ್ದಾರೆ. ಆ ಉತ್ಸಾಹ ದೊಡ್ಡ ಆಸ್ತಿ. ಬೆಂಗಳೂರಿನ ಚಿಟ್ಟೆಗಳ ಬಗ್ಗೆ ಇಂದು ಗೊತ್ತಿರುವುದರಲ್ಲಿ ಹವ್ಯಾಸಿಗಳ ಪಾಲು ಬಲು ಹೆಚ್ಚು. ಆದರೆ ಕ್ಯಾಮೆರಾ ಚೆಲುವಿನ ಕಡೆಗೆ ತಿರುಗುತ್ತದೆ, ಭಾನುವಾರ ಬೆಳಿಗ್ಗೆ ಹೋಗುತ್ತದೆ, ಕಾಲುದಾರಿ ಬಿಟ್ಟು ಇಳಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹುಡುಕಿದೆವು ಸಿಗಲಿಲ್ಲ ಎಂಬುದು ಅದರಲ್ಲಿ ದಾಖಲಾಗುವುದಿಲ್ಲ. ಕೀಟ ಕಡಿಮೆಯಾಗುತ್ತಿದೆ ಎಂದು ಸಾಧಿಸಲು ಬೇಕಾದದ್ದು ಆ ಸಿಗಲಿಲ್ಲ ಎಂಬ ದಾಖಲೆಯೇ. ಕ್ರೆಫೆಲ್ಡಿನ ಹವ್ಯಾಸಿಗಳು ಮಾಡಿದಂತೆ ಇಲ್ಲಿನ ಹವ್ಯಾಸಿಗಳಿಗೂ ಗೊತ್ತಾದ ಜಾಗ, ಗೊತ್ತಾದ ಹೊತ್ತು, ಗೊತ್ತಾದ ಬಲೆ ಕೊಟ್ಟರೆ ಅವರ ಶ್ರಮಕ್ಕೆ ಹತ್ತುಪಟ್ಟು ಬೆಲೆ ಬರುತ್ತದೆ.

ಇಷ್ಟೆಲ್ಲ ಮಾಡಿದರೂ ಪಟ್ಟಿಯೊಂದು ನೆಲ ಉಳಿಸುತ್ತದೆಯೇ? ತಾನಾಗಿ ಉಳಿಸುವುದಿಲ್ಲ. ಆದರೆ ಉಳಿಸಬೇಕೆಂದು ಹೋರಾಡುವವರ ಕೈಯಲ್ಲಿ ಅದು ಏನು ಮಾಡಬಲ್ಲದು ಎಂಬುದಕ್ಕೆ ಇದೇ ಊರಿನಲ್ಲಿ ದಾರಿಯಿದೆ. 2002ರ ಜೀವವೈವಿಧ್ಯ ಕಾಯ್ದೆ ರಾಜ್ಯ ಸರ್ಕಾರಕ್ಕೆ ಜೈವಿಕ ಪಾರಂಪರಿಕ ತಾಣಗಳನ್ನು ಘೋಷಿಸುವ ಅಧಿಕಾರ ಕೊಡುತ್ತದೆ. ಅದರಡಿ 2007ರಲ್ಲಿ ದೇವನಹಳ್ಳಿ ಬಳಿಯ ನಲ್ಲೂರು ಹುಣಸೆತೋಪು ದೇಶದ ಮೊದಲ ಪಾರಂಪರಿಕ ತಾಣವಾಯಿತು, 2010ರಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣಕ್ಕೂ ಆ ಮಾನ್ಯತೆ ಬಂತು. ಜ್ಞಾನಭಾರತಿಗೂ ಅದು ಸಿಗಬೇಕೆಂದು ಪರಿಸರಾಸಕ್ತರೂ ವಿದ್ಯಾರ್ಥಿಗಳೂ ನಡಿಗೆಗೆ ಬರುವವರೂ ಕೇಳಿದ್ದಾರೆ. ಹೊಸ ಸಂಸ್ಥೆಗಳಿಗೆ ನೆಲ ಕೊಡುವ ಪ್ರಸ್ತಾಪ ಬಂದಾಗಲೆಲ್ಲ ಹೋರಾಟಗಾರರು ಕಡಿಯಲಿರುವ ಮರಗಳ ಸಂಖ್ಯೆ ಹೇಳುತ್ತಾರೆ, ಎದುರಿನವರು ಅದಕ್ಕಿಂತ ಹತ್ತುಪಟ್ಟು ಸಸಿ ನೆಡುವ ಭರವಸೆ ಕೊಡುತ್ತಾರೆ, ವಾದ ಅಲ್ಲಿಗೆ ನಿಲ್ಲುತ್ತದೆ. ಈ ಕುರುಚಲಿನಲ್ಲಿ ಮಾತ್ರ ಇರುವ, ನೆಟ್ಟ ತೋಪಿನಲ್ಲಿ ಇಷ್ಟು ವರ್ಷವಾದರೂ ಬಾರದ ಇಂತಿಂಥ ಜೀವಿಗಳಿವೆ ಎಂದು ದಾಖಲೆಯಿಟ್ಟು ತೋರಿಸಿದರೆ ಸಸಿಯ ಭರವಸೆ ಉತ್ತರವಾಗುವುದಿಲ್ಲ. ಒಂದೇ ಋತುವಿನಲ್ಲಿ ಒಂದೆರಡು ಸುತ್ತು ಹಾಕಿ ಅಪರೂಪದ ಜೀವಿ ಕಂಡಿಲ್ಲ ಎಂದು ಬರೆದು ಮುಗಿಸುವ ವರದಿಗಳನ್ನು ಪ್ರಶ್ನಿಸಲು ಕೂಡ ಇದೇ ದಾಖಲೆ ಬೇಕು.

ಕೆಲಸ ದೊಡ್ಡದೇನೂ ಅಲ್ಲ. ಆವರಣದ ಕುರುಚಲು, ನೀಲಗಿರಿ ತೋಪು, ಬಯೋಪಾರ್ಕು, ವೃಷಭಾವತಿಯ ದಡ, ಮಲ್ಲತ್ತಹಳ್ಳಿ ಕೆರೆಯಂಚು, ಹೋಲಿಕೆಗೆ ಚಂದ್ರಾ ಲೇಔಟಿನ ಒಂದು ಪಾರ್ಕು, ಹೊಂಗೆಮರಗಳ ಒಂದು ಬೀದಿ ಇವನ್ನು ಕಾಯಂ ಜಾಗಗಳೆಂದು ಗುರುತಿಸಬೇಕು. ಬೇಸಿಗೆ, ಮುಂಗಾರು, ಹಿಂಗಾರು, ಚಳಿಗಾಲ ನಾಲ್ಕು ಕಾಲದಲ್ಲೂ ಒಂದೇ ಕ್ರಮದಲ್ಲಿ ಬಲೆ ಇಡಬೇಕು. ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗ ಇದನ್ನು ಪಠ್ಯದ ಪ್ರಯೋಗವಾಗಿಸಿದರೆ ಕೈಗಳಿಗೆ ಬರವಿಲ್ಲ. ವಿಜಯನಗರ, ನಾಗರಭಾವಿಯ ಕಾಲೇಜುಗಳೂ ಸೇರಬಹುದು. ಮಾದರಿಗಳು ಒಂದು ಸಂಗ್ರಹಾಲಯದಲ್ಲಿ ಉಳಿಯಬೇಕು, ಅಂಕಿಸಂಖ್ಯೆ ಯಾರು ಬೇಕಾದರೂ ನೋಡುವಂತೆ ತೆರೆದಿರಬೇಕು, ವರ್ಷಕ್ಕೊಮ್ಮೆ ಕನ್ನಡದಲ್ಲಿ ವರದಿ ಬರಬೇಕು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ಪಾಲಿಕೆಗಳೂ ಹೊಸದಾಗಿ ಬಂದಿವೆ. ಜೀವವೈವಿಧ್ಯ ನಿರ್ವಹಣಾ ಸಮಿತಿ ರಚಿಸಿ ಜೀವವೈವಿಧ್ಯ ದಾಖಲಾತಿ ನಡೆಸುವುದು ಸ್ಥಳೀಯ ಸಂಸ್ಥೆಗಳಿಗೆ ಕಾಯ್ದೆಯೇ ಹೊರಿಸಿದ ಕರ್ತವ್ಯ. ಆ ದಾಖಲಾತಿಯಲ್ಲಿ ಕೀಟಗಳಿಗೆ ಪ್ರತ್ಯೇಕ ಅಧ್ಯಾಯ ಇರಲಿ, ಮತ್ತು ಅದು ಪೂರ್ಣಗೊಳ್ಳುವವರೆಗೆ ಜ್ಞಾನಭಾರತಿಯ ಕುರುಚಲಿನ ಒಂದು ಗುಂಟೆಯನ್ನೂ ಹೊಸ ಕಟ್ಟಡಕ್ಕೆ ಬಿಟ್ಟುಕೊಡುವುದು ಬೇಡ ಎಂದು ವಿಶ್ವವಿದ್ಯಾಲಯವನ್ನೂ ಸರ್ಕಾರವನ್ನೂ ಈ ಬಡಾವಣೆಗಳ ನಿವಾಸಿಗಳು ಒಟ್ಟಾಗಿ ಕೇಳಬೇಕು.